ಇಲ್ಲ ಎನ್ನುವ ಅಂಗಡಿ

ಸರ್ವಮಂಗಳನ ಗಂಟಲು ದೊಡ್ಡದು. ಅದಕ್ಕೆ ಅವಳನ್ನು ದೂರಿ ಪ್ರಯೋಜನವಿಲ್ಲ. ವರ್ಷಗಟ್ಟಲೆ ಹುಣಸೂರಿನಲ್ಲಿ ಹಿಟ್ಟಿನ ಮಿಲ್ಲು ನಡೆಸಿದ ಹೆಂಗಸು ಮೆಲ್ಲಗೆ ಮಾತಾಡಿದರೆ ಯಾರಿಗೆ ಕೇಳಿಸೀತು? ರಾಗಿ ಬೀಸುವ ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ದನಿ ಹಾಗೇ ನಿಂತುಹೋಗಿತ್ತು. ಆದರೆ ಸಿಟ್ಟು ಮಾತ್ರ ಮಿಲ್ಲಿನಿಂದ ಬಂದದ್ದಲ್ಲ, ಅದು ಹುಟ್ಟುಗುಣ. ಗಂಡ ಶಿವನಂಜಪ್ಪ ಮೆಷಿನ್ನಿನ ಬೆಲ್ಟು ಬಿಟ್ಟರೆ ಬೇರೆ ಯಾವ ವಿಷಯಕ್ಕೂ ಕೈ ಹಾಕದ ಮನುಷ್ಯ. ಹೆಂಡತಿಯ ಸಿಟ್ಟಿಗಂತೂ ಮದುವೆಯಾದ ವರ್ಷದಿಂದಲೇ ಕೈ ಹಾಕಿಲ್ಲ.

ಮಿಲ್ಲಿನ ಹಿಂದಿನ ಕೋಣೆಯಲ್ಲಿ, ಹಿಟ್ಟಿನ ದೂಳು ತಾಗದ ಹಾಗೆ ಬಾಗಿಲು ಮುಚ್ಚಿ, ಅವಳು ಮೀನು ಸಾಕಿದ್ದಾಳೆ. ಗೋಡೆಯುದ್ದಕ್ಕೂ ಗಾಜಿನ ತೊಟ್ಟಿಗಳು. ಲಿಂಗಾಯ್ತರ ಮನೆಯಲ್ಲಿ ಮೀನು ಎಂದು ಬೀದಿಯವರೆಲ್ಲ ನಗೆಯಾಡಿ ಮುಗಿಸಿಯಾಗಿದೆ. "ನೀವು ತಿನ್ನಕ್ಕೆ ತತ್ತೀರಿ, ನಾವು ಸಾಕಕ್ಕೆ ತತ್ತೀವಿ. ಯಾರ್ ಮನೇಲಿ ಮೀನು ಜಾಸ್ತಿ ದಿನ ಇರ್ತದೆ ನೋಡಾನ ಬನ್ನಿ" ಎಂದು ಅವಳು ಬಾಯಿ ಮುಚ್ಚಿಸಿದ್ದಾಳೆ.

ಇದೆಲ್ಲ ಶುರುವಾದದ್ದೂ ಸಿಟ್ಟಿನಿಂದಲೇ. ಮಗಳು ಪೂಜಾ ಹೈಸ್ಕೂಲಿನಲ್ಲಿದ್ದಾಗ ಹಠ ಮಾಡಿ, ಪೇಟೆಯ ಅಂಗಡಿಯೊಂದರಿಂದ ಗಾಜಿನ ಬಟ್ಟಲಿನಲ್ಲಿ ಒಂದು ಜೊತೆ ಗೋಲ್ಡ್ ಫಿಶ್ ತಂದಿದ್ದಳು. ಎರಡು ದಿನ ಬಾಯಿ ಬಾಯಿ ಬಿಟ್ಟವು, ಮೂರನೆಯ ದಿನ ಮಗುಚಿಕೊಂಡವು. ಮಗಳು ಅತ್ತಳು. ತಾಯಿ ಅಳಲಿಲ್ಲ, ಬಟ್ಟಲನ್ನು ಎತ್ತಿಕೊಂಡು ನೇರ ಅಂಗಡಿಗೆ ಹೋದಳು. ಅಂಗಡಿಯವನು ಮೊಬೈಲಿನಿಂದ ತಲೆ ಕೂಡ ಎತ್ತಲಿಲ್ಲ.

"ಮೀನು ಅಂದ್ಮೇಲೆ ಸಾಯ್ತವೆ ಬುಡಕ್ಕ. ಇನ್ನೊಂದ್ ಜೊತೆ ಹಾಕ್ಕೊಡ್ಲಾ?"

ಸರ್ವಮಂಗಳನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. "ಮನುಷ್ಯರೂ ಸಾಯ್ತಾರೆ ಕಣಯ್ಯ. ಅಂಗಂತ ಆಸ್ಪತ್ರೇಲಿ ಡಾಕ್ಟ್ರು ಇನ್ನೊಂದ್ ಹೆತ್ಕೋ ಹೋಗು ಅಂತಾರಾ?" ಎಂದು ಅವಳು ಕೂಗಿದ್ದು ರಸ್ತೆಯ ಆಚೆ ಟೀ ಕುಡಿಯುತ್ತಿದ್ದವರಿಗೂ ಕೇಳಿತು. ಅವನು ಹಲ್ಲು ಕಿರಿದ. ಅವನ ಬೆನ್ನ ಹಿಂದಿನ ತೊಟ್ಟಿಯ ಮೂಲೆಯಲ್ಲಿ ಇನ್ನೊಂದು ಸತ್ತ ಮೀನನ್ನು ಬದುಕಿದ ಮೀನುಗಳು ಕಿತ್ತು ತಿನ್ನುತ್ತಿದ್ದವು. ಅದನ್ನು ನೋಡಿದ ಮೇಲೆ ಅವಳಿಗೆ ಸುಮ್ಮನಿರಲು ಆಗಲೇ ಇಲ್ಲ. ಮೀನು ಬದುಕುತ್ತದೋ ಇಲ್ಲವೋ ನೋಡಿಯೇಬಿಡುತ್ತೇನೆ ಎಂದು ಹಠ ಹಿಡಿದಳು.

ಮೊದಲು ಒಳ್ಳೆಯ ಅಂಗಡಿ ಬೇಕಲ್ಲ. ಬಸ್ಸು ಹತ್ತಿ ಸುತ್ತಮುತ್ತಲ ತಾಲ್ಲೂಕುಗಳನ್ನೆಲ್ಲ ಜಾಲಾಡಿದಳು. ಎಚ್.ಡಿ. ಕೋಟೆಯಲ್ಲಿ ಒಬ್ಬ ಮೊಬೈಲ್ ರೀಚಾರ್ಜು, ಲವ್ ಬರ್ಡ್ಸು, ಮೀನು, ಮೂರನ್ನೂ ಒಂದೇ ಗೂಡಿನಂಥ ಕೋಣೆಯಲ್ಲಿ ಇಟ್ಟಿದ್ದ. ಎಲ್ಲ ತೊಟ್ಟಿಯ ನೀರೂ ಶಾಯಿ ಕಲಸಿದ ಹಾಗೆ ನೀಲಿ. ಯಾಕೆ ಎಂದರೆ, "ಲುಕ್ಕಿಗೆ ಮೇಡಂ" ಎಂದ. ಲುಕ್ಕಿಗಲ್ಲ, ಅದು ರೋಗಕ್ಕೆ ಹಾಕುವ ಔಷಧಿ ಎಂದು ಅವಳಿಗೆ ಆಮೇಲೆ ತಿಳಿಯಿತು. ಪಿರಿಯಾಪಟ್ಟಣದಲ್ಲಿ ಇನ್ನೊಬ್ಬ ಬಿಳಿ ಮೀನಿಗೆ ಸೂಜಿಯಲ್ಲಿ ಗುಲಾಬಿ ಬಣ್ಣ ಚುಚ್ಚಿಸಿ ತಂದು, ಇದು ಫಾರಿನ್ನಿನದು ಎಂದು ಮಾರುತ್ತಿದ್ದ. ಹೊಟ್ಟೆ ಮೇಲಾಗಿ ತೇಲುತ್ತಿದ್ದ ಒಂದನ್ನು ತೋರಿಸಿ ಇದೇನು ಎಂದರೆ, "ನಿದ್ದೆ ಮಾಡ್ತಾ ಅದೆ" ಎಂದ. "ನಿಮ್ಮಪ್ಪನೂ ಇಂಗೇ ನಿದ್ದೆ ಮಾಡ್ತಾನಾ?" ಎಂದು ಕೇಳಿ ಸರ್ವಮಂಗಳ ಬಸ್ ಸ್ಟ್ಯಾಂಡಿಗೆ ವಾಪಸ್ಸು ನಡೆದಳು. ಆ ಅಂಗಡಿಯ ಬಾಗಿಲಿಗೆ ದೊಡ್ಡ ಗಣಪತಿ ಪಟ, ಅದಕ್ಕೆ ದಿನಾ ಹೊಸ ಹೂವಿನ ಹಾರ. ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ.

ಹೀಗೆ ಬೈದು ಬೈದೇ ಅವಳು ಅಂಗಡಿ ಅಳೆಯುವುದನ್ನು ಕಲಿತಳು. ಬಾಗಿಲಲ್ಲಿ ನಿಂತು ಮೊದಲು ಮೂಗಿಗೆ ಕೆಲಸ. ಕೆರೆಯ ವಾಸನೆ ಬಂದರೆ ಒಳಗೆ ಹೋಗಬಹುದು, ಚರಂಡಿಯ ವಾಸನೆ ಬಂದರೆ ತಿರುಗಿ ನಡೆಯಬೇಕು. ಹೋಗುವುದಿದ್ದರೆ ಭಾನುವಾರ ಹೋಗಬಾರದು, ಅಂಗಡಿಯವನು ಗಿರಾಕಿಯನ್ನು ನಿರೀಕ್ಷಿಸದ ಹೊತ್ತಿನಲ್ಲಿ ಹೋಗಬೇಕು. ಚೆನ್ನಾಗಿರುವ ಮೀನನ್ನು ಅವನೇ ತೋರಿಸುತ್ತಾನೆ, ನಾವು ನೋಡಬೇಕಾದ್ದು ಮೂಲೆ. ಒಂದು ತೊಟ್ಟಿಗೆ ಅದ್ದಿದ ಬಲೆಯನ್ನು ಒದರಿ ಹಾಗೇ ಇನ್ನೊಂದಕ್ಕೆ ಅದ್ದಿದನೋ, ಇಲ್ಲಿನ ರೋಗ ಅಲ್ಲಿಗೂ ಹೋಯಿತು. ಕೊಳ್ಳುವ ಮೊದಲು ಒಂದು ಚಿಟಿಕೆ ಊಟ ಹಾಕಿಸಿ ನೋಡಬೇಕು, ತಿನ್ನದ ಮೀನು ಬದುಕುವ ಮೀನಲ್ಲ. ಈ ಲೆಕ್ಕದಲ್ಲಿ ಅವಳ ಕೈಯಲ್ಲಿ ಒಂದು ಅಂಗಡಿಯೂ ಪಾಸಾಗಲಿಲ್ಲ.

ಕೊನೆಗೆ ಸಿಕ್ಕಿದ್ದು ಕೆ.ಆರ್. ನಗರದ ಕಾಂತರಾಜನ ಅಂಗಡಿ. ಚುಂಚನಕಟ್ಟೆ ಕಡೆಯ ಹುಡುಗ, ಗದ್ದೆ ಅಣ್ಣನಿಗೆ ಬಿಟ್ಟು ಇಲ್ಲಿ ಮಳಿಗೆ ಹಿಡಿದಿದ್ದ. ಬಣ್ಣದ ದೀಪವಿಲ್ಲ, ಹಾಡಿಲ್ಲ. ಪ್ರತಿ ತೊಟ್ಟಿಗೂ ಅದರದೇ ಬಲೆ, ಮೊಳೆಗೆ ನೇತುಹಾಕಿತ್ತು. ಸರ್ವಮಂಗಳ ಮೂಲೆ ಮೂಲೆ ಹುಡುಕಿ, ಬೈಯಲು ಏನೂ ಸಿಗದೆ, ಒಂದು ಜೊತೆ ಗೌರಾಮಿ ಮೀನು ಕೊಡು ಎಂದಳು.

"ಇಲ್ಲ ಅಕ್ಕ, ಕೊಡಕ್ಕಾಗಲ್ಲ."

"ಅಲ್ಲೇ ಅವಲ್ಲ, ಯಾರ್ಗಿಟ್ಟಿದೀಯ?"

"ನಿನ್ನೆ ತಾನೆ ಬಂದವೆ. ಬಸ್ಸಲ್ಲಿ ನರಳಿ ಬಂದಿರ್ತವೆ. ಊಟ ಹಿಡೀಲಿ, ಏನಾರಾ ರೋಗ ಇದ್ರೆ ಇಲ್ಲೇ ತೋರುಸ್ಲಿ. ಮುಂದಿನ್ ವಾರ ಬನ್ನಿ."

ಹುಣಸೂರಿನಿಂದ ಬಸ್ಸಿನಲ್ಲಿ ನಿಂತುಕೊಂಡು ಬಂದವಳಿಗೆ ರೇಗಿಹೋಯಿತು. ಬಾಯಿಗೆ ಬಂದಂತೆ ಅಂದಳು. ಅವನು ಬೈಸಿಕೊಂಡ, ಮೀನು ಮಾತ್ರ ಕೊಡಲಿಲ್ಲ. ವಾಪಸ್ಸು ಬರುವಾಗ ಅರ್ಧ ದಾರಿಯಲ್ಲಿ ಅವಳ ಸಿಟ್ಟು ಇಳಿಯಿತು. ನಾಲ್ಕು ತಾಲ್ಲೂಕಿನಲ್ಲಿ ತನಗೆ ಇಲ್ಲ ಎಂದ ಅಂಗಡಿಯವನು ಇವನೊಬ್ಬನೇ ಎಂಬುದು ಹೊಳೆಯಿತು.

ಅಂದಿನಿಂದ ಕಾಂತರಾಜನ ಅಂಗಡಿಯೇ ಅಂಗಡಿ. ಮಿಲ್ಲಿಗೆ ರಾಗಿ ತಂದವರು ಮೀನಿನ ಮಾತೆತ್ತಿದರೆ ಸಾಕು, "ಕೆ.ಆರ್. ನಗರಕ್ಕೆ ಹೋಗಿ ನನ್ ಹೆಸ್ರು ಹೇಳಿ" ಎನ್ನುತ್ತಿದ್ದಳು. ಹಾಗೆ ಹೋದವರ ಮೀನು ಬದುಕಿದವು. ಹನಗೋಡಿನ ಮೇಷ್ಟ್ರು ಒಬ್ಬರಂತೂ ಬೀಸಲು ಗೋಧಿ ತಂದಾಗಲೆಲ್ಲ ತಮ್ಮ ಮೀನು ಎಷ್ಟುದ್ದವಾಗಿದೆ ಎಂದು ಬೆರಳಲ್ಲಿ ತೋರಿಸಿ ಹೋಗುತ್ತಿದ್ದರು. ಸರ್ವಮಂಗಳ ಹೇಳಿದ ಅಂಗಡಿ ಎಂದರೆ ಮರುಮಾತಿಲ್ಲ ಎನ್ನುವಂತಾಯಿತು. ಅವಳಿಗೆ ಒಡವೆ ವಸ್ತ್ರದ ಹುಚ್ಚು ಇರಲಿಲ್ಲ, ಜಂಬ ಅಂತ ಇದ್ದದ್ದು ಇದೊಂದರ ಮೇಲೆ.

ಕಳೆದ ವೈಶಾಖದಲ್ಲಿ ಅವಳ ತಮ್ಮ ಸೋಮಶೇಖರ್ ಪಿರಿಯಾಪಟ್ಟಣದಲ್ಲಿ ಹೊಸ ಮನೆಯ ಗೃಹಪ್ರವೇಶ ಇಟ್ಟುಕೊಂಡ. ಗೊಬ್ಬರದ ಅಂಗಡಿ ಇಟ್ಟು ಚೆನ್ನಾಗಿ ಬೆಳೆದವನು. ಸರ್ವಮಂಗಳ ಅಕ್ಕನಾದವಳು, ಬೆಳಗಿನ ಪೂಜೆಗೇ ಹೋಗಿ ಆರತಿ ಎತ್ತಿದಳು, ಹಾಲು ಉಕ್ಕಿಸಿದಳು, ಬಂದವರನ್ನು ಊಟಕ್ಕೆ ಕೂರಿಸಿದಳು. ತಮ್ಮನೂ ಅವನ ಹೆಂಡತಿ ಉಷಾರಾಣಿಯೂ ಆಗಾಗ ಅವಳ ಮುಖ ನೋಡಿ ಒಳಗೊಳಗೇ ನಗುತ್ತಿದ್ದರು. ಏನೋ ಗುಟ್ಟಿದೆ ಎಂದುಕೊಂಡಳು. ಸೀರೆಯಿರಬಹುದು ಎಂದು ಸುಮ್ಮನಾದಳು.

ಊಟ ಮುಗಿಸಿದವರಿಗೆ ಬಾಗಿಲಲ್ಲಿ ತಾಂಬೂಲದ ಚೀಲ ಕೊಡುತ್ತಿದ್ದರು. ಇವರ ಸೋದರತ್ತೆ, ಬೆಳಗ್ಗೆ ಲಿಂಗಪೂಜೆಯಾಗದೆ ನೀರು ಮುಟ್ಟದ ಮುದುಕಿ, ಚೀಲ ಇಸಿದುಕೊಂಡು ಎರಡು ಹೆಜ್ಜೆ ನಡೆದವಳು ಚೀಲವನ್ನು ನೆಲಕ್ಕೆ ಬಿಟ್ಟು ಕಿರುಚಿದಳು.

"ಶಿವ ಶಿವಾ! ಒಳಗೇನೋ ಮಿಸುಕಾಡ್ತದೆ ಕಣ್ರೇ!"

ಸರ್ವಮಂಗಳ ಓಡಿಬಂದು ಚೀಲ ಬಿಚ್ಚಿದಳು. ಮೇಲೆ ತೆಂಗಿನಕಾಯಿ. ಅದರ ಕೆಳಗೆ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು. ಎಲ್ಲದರ ಕೆಳಗೆ, ತೆಂಗಿನಕಾಯಿಯ ಭಾರಕ್ಕೆ ಅಪ್ಪಚ್ಚಿಯಾದ ಪ್ಲಾಸ್ಟಿಕ್ ಪ್ಯಾಕೆಟ್ಟು, ಅದರಲ್ಲಿ ಒಂದು ಹಿಡಿ ನೀರು, ಒಂದು ಗೋಲ್ಡ್ ಫಿಶ್. ಪ್ಯಾಕೆಟ್ಟಿನ ಕತ್ತಿಗೆ ಸುತ್ತಿದ್ದ ಹಸಿರು ರಬ್ಬರ್ ಬ್ಯಾಂಡು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಾಂತರಾಜನ ಅಂಗಡಿಯದು.

"ಅಕ್ಕ, ಸರ್ಪ್ರೈಸು!" ಎಂದು ಸೋಮಶೇಖರ್ ಮುಂದೆ ಬಂದ. "ಎಲ್ರೂ ಸ್ಟೀಲ್ ಡಬ್ಬಿ ಕೊಡ್ತಾರೆ. ನಾವು ಬ್ಯಾರೆ ತರ ಮಾಡಾನ ಅಂತ ಉಷಾ ಅಂದ್ಲು. ವಾಸ್ತು ನೋಡೋರೂ ಹೇಳುದ್ರು, ಬಂದೋರಿಗೆ ಹೊಂಬಣ್ಣದ ಮೀನು ಕೊಟ್ರೆ ಕೊಟ್ಟೋರ್ ಮನೇಲಿ ಲಕ್ಷ್ಮಿ ನಿಲ್ತಾಳೆ ಅಂತ. ನಿಂಗೆ ಖುಷಿ ಆಯ್ತದೆ ಅಂತ ಹೇಳ್ದೆ ಇಟ್ಟಿದ್ದೆ."

ಪಾಪ, ಅವನ ಮುಖದಲ್ಲಿ ನಿಜವಾಗಿಯೂ ಖುಷಿ ಇತ್ತು. ಅದನ್ನು ನೋಡಿ ಅವಳ ಸಿಟ್ಟು ಇನ್ನಷ್ಟು ಏರಿತು. ಕೇಡಿಗನನ್ನು ಬೈದು ಬಿಡಬಹುದು, ಪ್ರೀತಿಯಿಂದ ಕೊಂದವನನ್ನು ಏನು ಮಾಡುವುದು?

"ನಿನ್ ತಲೆ ಮೇಲೆ ತೆಂಗಿನಕಾಯಿ ಹೇರಿ ಪ್ಲಾಸ್ಟಿಕ್ ಚೀಲದಲ್ಲಿ ಕೂರುಸ್ತೀನಿ, ಲಕ್ಷ್ಮಿ ಬತ್ತಾಳಾ ನೋಡು!" ಎಂದಳು. ಶಾಮಿಯಾನದ ಆಚೆ ಪಾತ್ರೆ ತೊಳೆಯುತ್ತಿದ್ದವರೂ ಕೈ ನಿಲ್ಲಿಸಿದರು. "ಎಲ್ಲಾರೂ ನಿಂತ್ಕಳಿ! ಒಬ್ರೂ ಆಚೆ ಹೋಗಂಗಿಲ್ಲ. ಚೀಲ ತತ್ತನ್ನಿ ಇಲ್ಲಿ!"

ಶುಭಕಾರ್ಯದಲ್ಲಿ ಕೊಟ್ಟ ತಾಂಬೂಲವನ್ನು ವಾಪಸ್ಸು ಇಸಿದುಕೊಳ್ಳುವುದೇ? ಉಷಾರಾಣಿ ಅಳುವುದಕ್ಕೆ ಶುರು ಮಾಡಿದಳು. ನೆಂಟರು ಒಬ್ಬರ ಮುಖ ಒಬ್ಬರು ನೋಡಿದರು. ಸರ್ವಮಂಗಳ ಯಾರ ಮುಖವನ್ನೂ ನೋಡಲಿಲ್ಲ. ಬಾಗಿಲಿಗೆ ಅಡ್ಡ ನಿಂತು ಒಬ್ಬೊಬ್ಬರ ಚೀಲಕ್ಕೂ ಕೈ ಹಾಕಿ ಪ್ಯಾಕೆಟ್ಟು ತೆಗೆದುಕೊಂಡು, ಕಾಯಿ ಎಲೆ ಅಡಿಕೆ ಅವರ ಕೈಗೇ ಇಟ್ಟಳು. ಪೂಜೆ ಮಾಡಿಸಿದ ರುದ್ರಸ್ವಾಮಿ ಅಯ್ಯನವರು ಆಗಲೇ ಸ್ಕೂಟರ್ ಹತ್ತಿದ್ದರು. ಹಿಂದೆ ಓಡಿ ಅವರ ಚೀಲವನ್ನೂ ತಡೆದಳು. "ನಿಮ್ ಚೀಲದಲ್ಲಿ ಮೀನದೆ ಬುದ್ಧಿ" ಎಂದಾಗ ಅಯ್ಯನವರು ಚೀಲವನ್ನು ಅವಳ ಕೈಗೆ ಎಸೆದಂತೆ ಕೊಟ್ಟರು. ಆಗಲೇ ಬಸ್ಸು ಕಾರು ಹತ್ತಿ ಹೋದವರ ಚೀಲಗಳು ಹೋದವು. ಬಿಸಿಲಿನಲ್ಲಿ, ಸೀಟಿನ ಕೆಳಗೆ, ಕಾಯಿಯ ಅಡಿಯಲ್ಲಿ ಅವುಗಳ ಗತಿ ಏನೆಂದು ಅವಳಿಗೆ ಗೊತ್ತಿತ್ತು.

ಉಳಿದ ಪ್ಯಾಕೆಟ್ಟುಗಳ ನೀರು ಕೈಗೆ ಬೆಚ್ಚಗೆ ತಾಗುತ್ತಿತ್ತು. ಮೀನುಗಳು ಮೇಲೆ ಬಂದು ಗಾಳಿ ಗುಟುಕರಿಸುತ್ತಿದ್ದವು. ಎಲ್ಲಿಗೆ ಬಿಡುವುದು?

"ನೀರಿನ್ ಸಂಪಿಗೆ ಬುಟ್ಬುಡಕ್ಕ, ತುಂಬಾ ನೀರದೆ" ಎಂದ ತಮ್ಮ.

"ಹೊಸ ಸಿಮೆಂಟು ಕಣ್ಲಾ, ಸುಣ್ಣ ಬುಡ್ತಾ ಇರ್ತದೆ. ಬೆಂದೋಯ್ತವೆ."

"ಅಡುಗೆಯೋರ ಹಂಡೆ?"

"ತಾಮ್ರದ್ದು. ಅದೂ ವಿಷ. ಸೋಪಾಕಿ ಉಜ್ಜಿದ ಪಾತ್ರೆ ಯಾವ್ದೂ ತರಬ್ಯಾಡ!"

ಅಷ್ಟು ದೊಡ್ಡ ಮನೆ, ಟೈಲ್ಸು ಹಾಕಿದ ಎರಡು ಬಚ್ಚಲು, ಮೇಲೆ ಟ್ಯಾಂಕು, ಕೆಳಗೆ ಸಂಪು. ಒಂದು ಮೀನು ಬದುಕುವ ನೀರು ಅಲ್ಲಿರಲಿಲ್ಲ. ಸರ್ವಮಂಗಳನಿಗೆ ಅಳು ಬಂತು, ಅದನ್ನೂ ಸಿಟ್ಟು ಮಾಡಿಕೊಂಡು ನುಂಗಿದಳು. ಬಡಾವಣೆಯ ಕೊನೆಯಲ್ಲಿ ಜವರಯ್ಯ ಎಂಬ ರೈತನ ಕೊಟ್ಟಿಗೆ ಕಂಡಿತು. ಅದರ ಮುಂದೆ ಹೊಂಗೆಮರದ ನೆರಳಿನಲ್ಲಿ ದನ ನೀರು ಕುಡಿಯುವ ಹಳೆಯ ಕಲ್ಲುಬಾನಿ. ಸೆರಗಿನಲ್ಲಿ ಪ್ಯಾಕೆಟ್ಟು ಕಟ್ಟಿಕೊಂಡು ಓಡಿದಳು. ಹಿಂದೆ ತಮ್ಮ, ಅವನ ಹಿಂದೆ ರೇಷ್ಮೆ ಸೀರೆ ಎತ್ತಿಹಿಡಿದು ಮೂಗೊರೆಸಿಕೊಳ್ಳುತ್ತ ಉಷಾರಾಣಿ, ಇಬ್ಬರ ಕೈಯಲ್ಲೂ ಪ್ಯಾಕೆಟ್ಟುಗಳು.

ಜವರಯ್ಯ ಹುಲ್ಲಿನ ಹೊರೆ ಇಳಿಸಿ ಗಾಬರಿಯಾಗಿ ನೋಡಿದ. "ಅದು ದನ ಕುಡಿಯೋ ನೀರು ಕಣವ್ವ, ಪಾಚಿ ಕಟ್ಕಂಡದೆ."

"ಪಾಚಿ ಇರೋ ನೀರೇ ಬೇಕು ಕಣಣ್ಣ."

ಪ್ಯಾಕೆಟ್ಟುಗಳನ್ನು ಮೊದಲು ನೀರಿನ ಮೇಲೆ ತೇಲಿಬಿಟ್ಟು, ಬಿಸಿ ಇಳಿದ ಮೇಲೆ ಒಂದೊಂದಾಗಿ ಬಿಚ್ಚಿದಳು. ಕೆಲವು ಹಾಗೇ ತಳಕ್ಕೆ ಹೋದವು, ಮತ್ತೆ ಏಳಲಿಲ್ಲ. ಮಿಕ್ಕವು ತುಸು ಹೊತ್ತು ಮಂಕಾಗಿ ನಿಂತು, ಆಮೇಲೆ ಬಾಲ ಆಡಿಸಿ ಪಾಚಿಯೊಳಗೆ ನುಗ್ಗಿದವು. ನೀರು ಕುಡಿಯಲು ಬಂದ ಹಸು ಮೂತಿ ಇಟ್ಟು, ಬುಸ್ ಎಂದು ಹಿಂದೆ ಸರಿಯಿತು.

"ಲಿಂಗಾಯ್ತರು ಮೀನ್ ತಂದು ನಮ್ ಬಾನಿಗೆ ಬುಡೋ ಕಾಲ ಬಂತಲ್ಲಪ್ಪ" ಎಂದು ಜವರಯ್ಯ ನಕ್ಕ. "ಸಾರಿಗ್ ಹಾಕಲ್ಲ ಬುಡವ್ವ, ಎದ್ರುಕೋಬ್ಯಾಡ. ಒಂದ್ ಬೆರಳಷ್ಟೂ ಇಲ್ಲ."

ಸರ್ವಮಂಗಳ ನಗಲಿಲ್ಲ. ಅವಳ ಕಣ್ಣು ಕೈಯಲ್ಲಿದ್ದ ಹಸಿರು ರಬ್ಬರ್ ಬ್ಯಾಂಡುಗಳ ಮೇಲಿತ್ತು. ತಮ್ಮನಿಗೆ ಬುದ್ಧಿಯಿಲ್ಲ, ಸರಿ. ಕಾಂತರಾಜನಿಗೆ ಏನಾಗಿತ್ತು?

ಮಾರನೆಯ ದಿನ ಮಿಲ್ಲಿನ ಬೀಗದ ಕೈ ಗಂಡನ ಕೈಗೆ ಕೊಟ್ಟು ಕೆ.ಆರ್. ನಗರಕ್ಕೆ ಹೋದಳು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವಳು ಲೆಕ್ಕಿಸಲಿಲ್ಲ. ರಬ್ಬರ್ ಬ್ಯಾಂಡುಗಳನ್ನು ಗಲ್ಲಾಪೆಟ್ಟಿಗೆಯ ಮೇಲೆ ಎಸೆದಳು.

"ನೀನೂ ಅವರಂಗೇ ಆದಲ್ಲೋ! ತಾಂಬೂಲದ್ ಚೀಲಕ್ಕೆ ತುಂಬಕ್ಕೆ ನನ್ ತಮ್ಮಂಗೆ ಮೀನು ಕೊಟ್ಟಲ್ಲ, ಸಾಯ್ದೆ ಉಳ್ದವು ಪಿರಿಯಾಪಟ್ಟಣದಲ್ಲಿ ದನದ ಬಾನೀಲವೆ! ಬೋರ್ಡು ಬದಲಾಯ್ಸು. ಜೀವ ಮಾರೋ ಅಂಗಡಿ ಅಂತ ಬರ್ಸು. ನಾನು ಊರೋರಿಗೆಲ್ಲ ನಿನ್ ಹೆಸ್ರು ಹೇಳ್ಕೊಂಡ್ ತಿರುಗ್ತಾ ಇದ್ನಲ್ಲ, ನನ್ ಬಾಯಿಗೆ ಮಣ್ಣಾಕ!"

ಕಾಂತರಾಜ ಬಿಳಿಚಿಕೊಂಡ. "ಅಕ್ಕ, ನಿಮ್ ತಮ್ಮ ಬಂದು, ಸರ್ವಮಂಗಳಕ್ಕ ಕಳ್ಸವ್ರೆ, ನಮ್ ನೆಂಟ್ರಿಗೆಲ್ಲ ಒಂದೊಂದ್ ಮೀನು ಬೇಕಂತೆ ಅಂದ್ರು. ನೀವೇ ಎಲ್ಲರ್ ಮನೇಲೂ ತೊಟ್ಟಿ ಇಡುಸ್ತಾ ಇದೀರಿ ಅಂದ್ಕಂಡೆ. ತಾಂಬೂಲಕ್ಕೆ ಅಂತ ನಂಗೆ ದೇವ್ರಾಣೆ ಗೊತ್ತಿಲ್ಲ."

"ಒಂದ್ ಫೋನ್ ಮಾಡಕ್ಕೆ ಏನಾಗಿತ್ತು ರೋಗ?"

ಅವನು ತಲೆ ತಗ್ಗಿಸಿದ. ಗಿರಾಕಿಗಳ ಮುಂದೆ ಹೇಳಲು ನಾಚಿಕೆಯಾದರೂ ಹೇಳಿದ. "ಎದ್ರುಕೆ ಆಯ್ತಕ್ಕ. ನೀವ್ ಹೇಳಿ ಕಳ್ಸಿದ್ನ ತಿರ್ಗಾ ನಿಮ್ಮನ್ನೇ ಕೇಳುದ್ರೆ, ನನ್ ಮಾತ್ ಮೇಲೆ ನಂಬ್ಕೆ ಇಲ್ವೇನ್ಲಾ ಅಂತ ಉಗೀತೀರಿ ಅಂತ. ಈ ವರ್ಸ ತಾಂಬೂಲಕ್ಕೆ ಮೀನು ಕೇಳ್ಕೊಂಡು ಬ್ಯಾರೆಯೋರೂ ಬಂದಿದ್ರು, ಎಲ್ರಿಗೂ ಇಲ್ಲ ಅಂದಿದೀನಿ. ನಿಮ್ಗೆ ಇಲ್ಲ ಅನ್ನಕ್ಕೆ ಬಾಯ್ ಬರ್ಲಿಲ್ಲ."

ಅವನು ‘ಇಲ್ಲ’ ಎಂದದ್ದಕ್ಕೇ ಅವಳು ಅವನನ್ನು ಒಳ್ಳೆಯ ಅಂಗಡಿಯವನೆಂದು ಒಪ್ಪಿದ್ದು. ಆ ಬಾಯಿಯನ್ನು ಕಟ್ಟಿದವಳೂ ಅವಳೇ. ಇದು ಹೊಳೆದಾಗ ಅವಳಿಗೆ ಸಮಾಧಾನವೇನೂ ಆಗಲಿಲ್ಲ, ಇನ್ನೂ ಸಿಟ್ಟು ಬಂತು. ಆದರೆ ಅದನ್ನು ಯಾರ ಮೇಲೆ ಹಾಕುವುದೆಂದು ಗೊತ್ತಾಗದೆ ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು.

"ಇನ್ಮೇಲೆ ನನ್ ಹೆಸ್ರು ಹೇಳ್ಕೊಂಡು ಯಾವ್ ದೊರೆ ಬಂದ್ರೂ ಕೊಡಬ್ಯಾಡ" ಎಂದಳು ಕೊನೆಗೆ.

"ಆಯ್ತಕ್ಕ."

"ನಾನೇ ಬಂದು ನಿಂತ್ಕೊಂಡ್ ಕೇಳುದ್ರೂ, ಕೊಡಬಾರ್ದು ಅಂದ್ರೆ ಕೊಡಬ್ಯಾಡ."

ಅವನು ಗಲ್ಲಾಪೆಟ್ಟಿಗೆಯ ಮೇಲಿನ ರಬ್ಬರ್ ಬ್ಯಾಂಡುಗಳನ್ನು ಒಂದೊಂದಾಗಿ ಆರಿಸಿಕೊಂಡ. ಅದೇ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ, ಡ್ರಮ್ಮು ಹೇರಿಕೊಂಡು ಪಿರಿಯಾಪಟ್ಟಣಕ್ಕೆ ಹೋಗಿ, ಜವರಯ್ಯನ ಬಾನಿಯಲ್ಲಿ ಬದುಕಿದ್ದವನ್ನು ವಾಪಸ್ಸು ತಂದ. ಸರ್ವಮಂಗಳನಿಗೆ ಆ ಸುದ್ದಿ ತಮ್ಮನಿಂದ ತಿಳಿಯಿತು. ತಿಳಿದರೂ ಮನಸ್ಸು ತಿಳಿಯಾಗಲಿಲ್ಲ. ಮಿಲ್ಲಿಗೆ ಬಂದವರು ಒಳ್ಳೆಯ ಮೀನಿನ ಅಂಗಡಿ ಯಾವುದಕ್ಕ ಎಂದು ಕೇಳಿದರೆ, "ಯಾವ್ದೂ ಇಲ್ಲ ಹೋಗಿ" ಎಂದು ಮೆಷಿನ್ನಿನ ಕಡೆ ತಿರುಗುತ್ತಿದ್ದಳು. ಹನಗೋಡಿನ ಮೇಷ್ಟ್ರಿಗೂ ಅದೇ ಉತ್ತರ. ಒಂದು ಅಂಗಡಿ ಹುಡುಕಲು ಅಷ್ಟು ತಾಲ್ಲೂಕು ಅಲೆದಿದ್ದಳು. ಇನ್ನೊಂದು ಹುಡುಕಲು ಅವಳಿಗೆ ಕಾಲಿನಲ್ಲಿ ಕಸುವಿರಲಿಲ್ಲ, ಹುಡುಕಿದರೂ ಸಿಗುವುದಿಲ್ಲವೆಂದು ಗೊತ್ತಿತ್ತು.

ಮಳೆ ಹಿಡಿದ ಮೇಲೆ ಅವಳ ಮನೆಯ ಏಂಜಲ್ ಮೀನಿನ ಜೋಡಿಯಲ್ಲಿ ಒಂದು ವಯಸ್ಸಾಗಿ ಸತ್ತಿತು. ಉಳಿದದ್ದು ಊಟ ಬಿಟ್ಟಿತು. ಜೊತೆಯಿಲ್ಲದೆ ಅದೂ ಹೋಗುತ್ತದೆ ಎಂದು ಸರ್ವಮಂಗಳನಿಗೆ ನಿದ್ದೆ ಬರಲಿಲ್ಲ. ಬೇರೆ ದಾರಿಯಿಲ್ಲದೆ, ಜಿಟಿಜಿಟಿ ಮಳೆಯಲ್ಲಿ ಕೊಡೆ ಹಿಡಿದು ಕೆ.ಆರ್. ನಗರಕ್ಕೆ ಹೋದಳು.

ಕಾಂತರಾಜನ ಅಂಗಡಿಯಲ್ಲಿ ಹೊಸ ಏಂಜಲ್ ಮೀನುಗಳು ಬಂದಿದ್ದವು. ಗಾಜಿನ ಹತ್ತಿರ ಬಾಗಿ ನೋಡಿದಳು. ಬೆಳ್ಳಗೆ, ಕಪ್ಪು ಪಟ್ಟೆ ಎಳೆದು, ಲಕ್ಷಣವಾಗಿದ್ದವು.

"ಅದು, ಆ ಬಲಗಡೇದು ಕೊಡು. ನನ್ ಮೀನು ಊಟ ಬುಟ್ಟು ನಾಕ್ ದಿನ ಆಯ್ತು."

ಕಾಂತರಾಜ ಮೊಳೆಯಿಂದ ಬಲೆ ತೆಗೆದ. ತೊಟ್ಟಿಯೊಳಕ್ಕೆ ಬಾಗಿ ನೋಡಿದ. ಮತ್ತೆ ಬಲೆಯನ್ನು ಮೊಳೆಗೇ ನೇತುಹಾಕಿದ.

"ಇಲ್ಲ ಅಕ್ಕ. ಮೊನ್ನೆ ಬಂದವೆ. ಒಂದರ ರೆಕ್ಕೇಲಿ ಬಿಳಿ ಚುಕ್ಕೆ ಕಾಣ್ತಾ ಅದೆ, ಮಿಕ್ಕವಕ್ಕೂ ಬರಬೋದು. ಈಗ ಕೊಡಲ್ಲ."

"ನನ್ ಮನೇಲಿ ಒಂದು ಸಾಯ್ತಾ ಅದೆ ಅಂತೀನಿ!"

"ಇದ್ನ ಕೊಟ್ರೆ ನಿಮ್ ತೊಟ್ಟೀಲಿರೋವೆಲ್ಲಾ ಸಾಯ್ತವೆ. ಕೊಡಲ್ಲ." ಅವನು ತೊಟ್ಟಿಗೆ ಅಡ್ಡ ನಿಂತ.

ಸರ್ವಮಂಗಳ ಬೈದಳು. ಅವನ ಅಂಗಡಿಯನ್ನು ಬೈದಳು, ಅವನ ಬಲೆಯನ್ನು ಬೈದಳು, ಮಳೆಯನ್ನೂ ಬಸ್ಸನ್ನೂ ಬೈದಳು. ಕೊಡೆ ಬಿಚ್ಚಿ ಬೀದಿಗಿಳಿದ ಮೇಲೂ ಬೈಯುತ್ತಲೇ ಇದ್ದಳು. ಮನೆಗೆ ಬಂದು, ಒಂಟಿ ಮೀನಿನ ಮುಂದೆ ಕೂತು ಎರೆಹುಳು ಕೊಚ್ಚಿ ಕಡ್ಡಿಯ ತುದಿಯಲ್ಲಿ ಹಿಡಿದಳು. ಅದು ಮೂಸಿ ನೋಡಿ ಹಿಂದೆ ಸರಿಯಿತು. ಮತ್ತೆ ಹಿಡಿದಳು. ದಿನಾ ಹಿಡಿದಳು. ವಾರ ಕಳೆಯುವ ಹೊತ್ತಿಗೆ ಒಂದು ಚೂರು ತಿಂದಿತು.

ಮಿಲ್ಲಿನಲ್ಲಿ ಆ ಬೆಳಗ್ಗೆ ರಾಗಿ ಬೀಳುತ್ತಿತ್ತು. ಹೊಸದಾಗಿ ಬೀದಿಗೆ ಬಂದ ಹೆಂಗಸೊಬ್ಬಳು ಮೀನು ಸಾಕಬೇಕೆಂದಿದ್ದೇನೆ, ಯಾವ ಅಂಗಡಿ ಒಳ್ಳೆಯದು ಎಂದು ಕೇಳಿದಳು. ಶಿವನಂಜಪ್ಪ ಬೆಲ್ಟಿನ ಹತ್ತಿರದಿಂದ ಹೆದರುತ್ತಾ ಹೆಂಡತಿಯ ಕಡೆ ನೋಡಿದ. ಸರ್ವಮಂಗಳ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮೆಷಿನ್ನಿನ ಸದ್ದಿನ ಮೇಲೆ ಕೂಗಿದಳು.

"ಕೆ.ಆರ್. ನಗರಕ್ಕೆ ಹೋಗಮ್ಮ, ಕಾಂತರಾಜನ ಅಂಗಡಿಗೆ. ನನ್ ಹೆಸ್ರು ಹೇಳಬ್ಯಾಡ. ಬಸ್ ಚಾರ್ಜು ಹಾಕ್ಕೊಂಡು ಹೋದ್ರೂ ಇಲ್ಲ ಅಂತ ವಾಪಸ್ ಕಳುಸ್ತಾನೆ, ಕತ್ತೆ ನನ್ಮಗ. ಅಲ್ಲೇ ತಗೋ."